ಶುಭ ಕೋರುವವರು ಸೊರಬಕ್ಕೆ ಹೋದದ್ದು

ದೊಡ್ಡ ಕಷ್ಟ ಬಂದಾಗ ನಾನು ಬಲು ಗಟ್ಟಿಗ. ಬೋರಿನ ಮೋಟರು ಸುಟ್ಟುಹೋದ ದಿನವೂ ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಉಂಡವನು. ನನ್ನನ್ನು ಹೈರಾಣು ಮಾಡುವುದೇನಿದ್ದರೂ ಚಿಲ್ಲರೆ ಸಂಗತಿಗಳು: ಚಪ್ಪಲಿಯೊಳಗೆ ಸೇರಿದ ಹರಳು, ಹಲ್ಲಿನ ಸಂದಿಯಲ್ಲಿ ಕೂತ ಅಡಿಕೆ ಚೂರು, ಇತ್ತೀಚೆಗೆ ಶುಭ ಕೋರುವವರು. ಅವರು ಯಾರು ಅಂತ ಗೊತ್ತಾಗದಿದ್ದರೆ ಊರಿನ ಯಾವ ಫ್ಲೆಕ್ಸನ್ನಾದರೂ ನೋಡಿ. ನಡುವೆ ಕೈಮುಗಿದು ನಿಂತ ದೊಡ್ಡ ಮನುಷ್ಯರೊಬ್ಬರು ಇರುತ್ತಾರೆ. ಅವರ ಕಾಲ ಬುಡದಲ್ಲಿ ಸಾಲುಸಾಲಾಗಿ ಬಟಾಣಿ ಗಾತ್ರದ ಮುಖಗಳಿರುತ್ತವೆ. ಆ ಬಟಾಣಿಗಳನ್ನು ಫೋಟೋದಿಂದ ಕತ್ತರಿಸಿ ತೆಗೆಯುವುದೇ ನನ್ನ ಹೊಟ್ಟೆಪಾಡು.

ನನ್ನ ಅಂಗಡಿ ಶಿಕಾರಿಪುರದಲ್ಲಿ. ಸೊರಬದಲ್ಲಿ ನನ್ನ ಹೆಂಡತಿ ಗಿರಿಜೆಯ ತಮ್ಮ ಬಸವರಾಜನ ಅಂಗಡಿ. ಮುಖ ಕತ್ತರಿಸುವುದು ನಾನು, ಜೋಡಿಸಿ ಮುದ್ರಿಸುವುದು ಅವನು. ಹಿಂದೊಮ್ಮೆ ನನ್ನ ಕಂಪ್ಯೂಟರ್ ಕೆಟ್ಟು ಒಂದು ಮನೆಯ ಮದುವೆಯ ಅಷ್ಟೂ ಫೋಟೋ ಅದರೊಳಗೇ ಮುಳುಗಿಹೋದವು. ಹುಡುಗಿಯ ತಾಯಿ ಅಂಗಡಿಯಲ್ಲಿ ಕೂತು ಅತ್ತರು. ಎದುರಿಗೆ ಕೂತು ನಾನೂ ಅತ್ತೆ. ಅಂದಿನಿಂದ ಪಾಠ ಕಲಿತು, ಎರಡೂ ಊರಿನಲ್ಲಿ ಫೋಟೋ, ಫೈಲು ಕೂಡಿಡುವ ಒಂದೊಂದು ಡಿಸ್ಕಿನ ಡಬ್ಬಿ ಇಟ್ಟು ಇಂಟರ್ನೆಟ್ಟಿನಲ್ಲಿ ಗಂಟುಹಾಕಿಸಿದೆ. ಇಲ್ಲಿ ಇಟ್ಟದ್ದು ಅಲ್ಲೂ ಇರಬೇಕು. ಎರಡೂ ಡಬ್ಬಿ "ನನಗೆ ಮುಟ್ಟಿತು" ಅನ್ನುವವರೆಗೆ ಮುಂದಿನ ಫೈಲನ್ನು ಮುಟ್ಟುವ ಹಾಗಿಲ್ಲ. "ಭಾವ, ಮೊದ್ಲು ನಿಮ್ಮಲ್ಲಿ ಇಟ್ಕೊಂಡು, ಆಮೇಲೆ ನಿಧಾನಕ್ಕೆ ನಮ್ಮಲ್ಲಿಗೆ ಬರೋ ಹಂಗೂ ಮಾಡ್ಬಹುದು ಮಾರಾಯ್ರೆ" ಅಂತ ಬಸವರಾಜ ಅಂದ. ಆಮೇಲೆ ಅನ್ನುವ ಮಾತೇ ನನ್ನ ಹತ್ತಿರ ಬೇಡ ಅಂದುಬಿಟ್ಟೆ.

ಹೀಗಿರುವಾಗ ಕುರಿ ಸಾಕುವವರ ಸಂಘದ ಅಧ್ಯಕ್ಷ ರುದ್ರಪ್ಪನವರು ಹಿಂಬಾಲಕರೊಂದಿಗೆ ಅಂಗಡಿಗೆ ಬಂದರು. ಮಾರನೇ ದಿನ ಅವರ ಹುಟ್ಟುಹಬ್ಬ. ಹಿಂದೆಯೇ ಸಂಘದ ಚುನಾವಣೆ. ಸೊರಬದ ಸರ್ಕಲ್ಲಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗ ಒಂದೇ ಇದೆ. ಮೊದಲು ಕಟ್ಟಿದವರದು ಆ ಜಾಗ. "ಸಂಜೆಯೊಳಗೆ ಅಲ್ಲಿ ನನ್ನ ಫ್ಲೆಕ್ಸ್ ಏಳಬೇಕ್ರಿ. ಆ ಪರಮೇಶಪ್ಪ ಹಗ್ಗ ಹಿಡ್ಕೊಂಡು ಕಾಯಾಕತ್ಯಾನ" ಅಂದರು. ಪರಮೇಶಪ್ಪ ಅವರ ಎದುರಾಳಿ. ಜಾಗ ಹೋದರೆ ಸಂಘದ ಎರಡೂ ತಾಲ್ಲೂಕಿನ ಪ್ರಿಂಟಿಂಗ್ ಕೆಲಸ ನನ್ನ ಕೈಬಿಟ್ಟ ಹಾಗೇ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಟವಲು ಕೊಡವಿ ತೋರಿಸಿದರು.

ರುದ್ರಪ್ಪನವರ ಆಳೆತ್ತರದ ಫೋಟೋ ನಾನು ಗುಂಡಿ ಒತ್ತಿ ಕೈ ತೆಗೆಯುವುದರೊಳಗೆ ಸೊರಬ ಸೇರಿತು. ಅವರಿಗೆ ಹಿಗ್ಗು. ಆಮೇಲೆ ಬಟಾಣಿಗಳನ್ನು ಬಿಟ್ಟೆ ನೋಡಿ, ಎತ್ತು ಕೆಸರಿನಲ್ಲಿ ಕೂತ ಹಾಗೆ ಕೂತುಬಿಟ್ಟವು. ಒಂದು ಹೋಗುತ್ತದೆ, ಉಸಿರು ತೆಗೆದುಕೊಳ್ಳುತ್ತದೆ, ಇನ್ನೊಂದು ಹೋಗುತ್ತದೆ. ಚಹಾ ಬಂತು, ಚಹಾ ಆರಿತು. ಮೊದಲ ಸಾಲೇ ಮುಗಿದಿರಲಿಲ್ಲ.

"ಅಲ್ರೀ, ನನ್ನಂಥ ದೊಡ್ಡ ಆಳೇ ಗಪ್ಪನೆ ಹೋದೆ. ಈ ಪುಡಿ ಹುಡುಗ್ರಿಗೆ ಏನು ಧಾಡಿ?" ಅಂದರು ರುದ್ರಪ್ಪ.

ವಾಟ್ಸಾಪಿನಲ್ಲಿ ಹಾಕಿಬಿಡ್ರಿ ಅಂದಳು ಚಹಾ ತಂದಿದ್ದ ಗಿರಿಜೆ. ಮುಖ ಮಸುಕಾಗುತ್ತೆ ಅಂದೆ. "ಆ ಮುಖಗಳು ಮಸುಕಾದ್ರೆ ಊರಿಗೇನೂ ನಷ್ಟ ಇಲ್ಲ" ಅಂತ ನನ್ನ ಕಿವಿಯಲ್ಲಿ ಹೇಳಿದಳು.

ನಾನು ಅಧ್ಯಕ್ಷರಿಗೆ ಸಮಾಧಾನದಿಂದ ಬಿಡಿಸಿ ಹೇಳಿದೆ. ಡಬ್ಬಿಗೆ ದೊಡ್ಡವರು ಚಿಕ್ಕವರು ಅಂತ ಭೇದವಿಲ್ಲ. ಪ್ರತಿ ಫೈಲಿಗೂ ಹೆಸರು ಕೇಳಬೇಕು, ಜಾಗ ತೋರಿಸಬೇಕು, ಬೇರೆಯವರು ಮುಟ್ಟದಂತೆ ಬೀಗ ಹಾಕಬೇಕು, ಇಟ್ಟೆನೆಂದು ಎರಡೂ ಊರಿನಿಂದ ಒಪ್ಪಿಗೆ ಬರಬೇಕು, ಬೀಗ ತೆಗೆಯಬೇಕು. ನಿಮಗೆ ಈ ಉಪಚಾರ ಒಂದೇ ಸಲ ಆಯಿತು. ಇವರಿಗೆ ತಲೆಗೊಂದು ಸಲ ಆಗಬೇಕು. ಹೊರುವ ಭಾರಕ್ಕಿಂತ ಉಪಚಾರವೇ ಜಾಸ್ತಿ.

ರುದ್ರಪ್ಪ ನನ್ನನ್ನು ಕನಿಕರದಿಂದ ನೋಡಿದರು. "ಕುರೀನ ಸಂತೆಗೆ ಕಳಿಸೋವಾಗ ಒಂದೊಂದು ಕುರಿಗೆ ಒಂದೊಂದು ಲಾರಿ ಮಾಡ್ತೀವೇನ್ರಿ? ಎಲ್ಲಾ ಒಂದೇ ಲಾರಿಗೆ ತುಂಬ್ರಿ!"

ನಾಚಿಕೆಯಾಯಿತು. ಎಲ್ಲ ಮುಖಗಳನ್ನೂ ಸೇರಿಸಿ ಒಂದೇ ಫೈಲಾಗಿ ಜಿಪ್ ಮಾಡುವುದು ನನಗೆ ಗೊತ್ತಿದ್ದದ್ದೇ. ಹೊಳೆದಿರಲಿಲ್ಲ ಅಷ್ಟೇ. ಲಾರಿ ಅಂದದ್ದಕ್ಕೆ ಹಿಂದೆ ನಿಂತಿದ್ದ ಶುಭ ಕೋರುವವರು ಮುಖ ಮುಖ ನೋಡಿಕೊಂಡರು. ಗುಂಡಿ ಒತ್ತಿದೆ. ಎಲ್ಲರೂ ಒಂದೇ ಏಟಿಗೆ ಸೊರಬಕ್ಕೆ ಹೋಗಿ ಬಿದ್ದರು. ಬಿಸಿಲು ಇನ್ನೂ ಚುರುಕಾಗಿಯೇ ಇತ್ತು. ರುದ್ರಪ್ಪ ನನ್ನ ಬೆನ್ನು ತಟ್ಟಿದರು. ನನಗಂತೂ ಖುಷಿಯೋ ಖುಷಿ.

ಬಸವರಾಜನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. "ಬಂತು ಭಾವ, ಇನ್ನು ಮಿಷನ್ನಿಗೆ ಹಾಕ್ತೀನಿ" ಅಂದ.

"ತಡಿಯೋ. ಎಲ್ಲಾರೂ ಬಂದ್ರಾ?"

"ಫೈಲು ಬಂತು ಅಂದ್ರೆ ಎಲ್ಲಾರೂ ಬಂದಂಗೇ ಅಲ್ವಾ?"

ಅದು ನನಗೂ ಗೊತ್ತು. ಆದರೂ ಒಬ್ಬನ ಮುಖ ಬಿಟ್ಟುಹೋದರೆ ಅವನು ಮಾರನೇ ದಿನವೇ ಎದುರು ಪಾರ್ಟಿ ಸೇರುತ್ತಾನೆ. ಒಂದು ಸಲ ನೋಡಿಬಿಡೋಣ ಅಂತ ನಾನು ಇಲ್ಲಿಂದ ಒಂದೊಂದೇ ಹೆಸರು ಓದಿದೆ. ಅವನು ಅಲ್ಲಿಂದ "ಇದಾರೆ" ಅಂದ. ಮೀಸೆಯವರೊಬ್ಬರ ಬಗ್ಗೆ ಅನುಮಾನ ಬಂದು ಆ ಸಾಲನ್ನು ಮತ್ತೆ ಓದಿದೆ. ನಡುವೆ ಫೋನು ಕಟ್ಟಾಯಿತು. ಎಲ್ಲಿಗೆ ನಿಲ್ಲಿಸಿದ್ದೆ ಅಂತ ಇಬ್ಬರಿಗೂ ನೆನಪಾಗದೆ ಮೊದಲಿನಿಂದ ಹಿಡಿದೆವು. ಕೊನೆಯ ಹೆಸರಿಗೆ "ಇದಾರೆ" ಬಂದಾಗ ಹೊರಗೆ ಬಿಸಿಲು ಇಳಿದಿತ್ತು.

"ಈಗ ಹಾಕಪ್ಪಾ" ಅಂದೆ.

"ಸ್ವಲ್ಪ ತಡೀರಿ ಭಾವ. ನೀವು ಓದ್ತಿದ್ರಲ್ಲ, ಮಿಷನ್ ಸುಮ್ನೆ ಯಾಕಿರ್ಬೇಕು ಅಂತ ಎದುರಿಗೆ ನಿಂತವ್ರ ಫ್ಲೆಕ್ಸ್ ಹಾಕ್ಕೊಟ್ಟೆ. ಈಗ ಕಟ್ಟಾಕೂ ಹೋದ್ರು."

"ಯಾರದು?" ಅಂತ ಕೇಳಿದ್ದು ನಾನಲ್ಲ, ರುದ್ರಪ್ಪ.

"ಪರಮೇಶಪ್ಪೋರದು. ಅವರೊಬ್ಬರದೇ ಮುಖ, ಬೇಗ ಆಯ್ತು."

ರುದ್ರಪ್ಪನವರು ಟವಲು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ನನ್ನ ಕಡೆ ನೋಡದೆ ಹೋದರು. ಶುಭ ಕೋರುವವರೂ ಸಾಲಾಗಿ ಅವರ ಹಿಂದೆ ಇಳಿದುಹೋದರು. ರುದ್ರಪ್ಪನವರ ಫ್ಲೆಕ್ಸನ್ನು ಕೊನೆಗೆ ಟ್ರಾನ್ಸ್‌ಫಾರ್ಮರಿನ ಹಿಂದೆ ಕಟ್ಟಿದರಂತೆ. ಒಂದು ಮುಖವೂ ಬಿಟ್ಟುಹೋಗಿರಲಿಲ್ಲ.

ಗಿರಿಜೆ ಲೋಟಗಳನ್ನು ಎತ್ತುತ್ತಾ, "ಪಾಪ, ಆ ಡಬ್ಬೀನ ಸುಮ್ನೆ ಬೈದ್ವಿ ಕಣ್ರೀ. ತಂದೋರ ಗುಣ ಅದಕ್ಕೂ ಹತ್ತೈತೆ, ಅದೇನು ಮಾಡುತ್ತೆ" ಅಂದಳು.

"ಏನಂದೆ?" ಅಂದೆ. ಕೇಳಿಸಿತ್ತು. ಆದರೂ ಒಂದು ಸಲ ಖಾತ್ರಿ ಮಾಡಿಕೊಳ್ಳೋಣ ಅನ್ನಿಸಿತು.