ಎಡಚಕ್ರದ ನಟ್ಟು

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ನಾನು ಜೀಪು ರಿಪೇರಿ ಅಂಗಡಿ ಇಟ್ಟಿದ್ದ ಕಾಲದಲ್ಲಿ, ತಲೆ ಚಚ್ಚಿಕೊಳ್ಳುವಂಥ ಪ್ರಸಂಗಗಳಿಗೆ ಒಂದು ದಿನವೂ ರಜೆ ಇರಲಿಲ್ಲ. ಎಲ್ಲದರ ಮೂಲ ಒಂದೇ: ನಮ್ಮ ಜನಕ್ಕೆ ತಿರುಗಿಸುವುದಕ್ಕೂ ಗುದ್ದುವುದಕ್ಕೂ ವ್ಯತ್ಯಾಸ ಗೊತ್ತಿಲ್ಲ.

ಆ ವರ್ಷ ನನ್ನ ತಲೆಬಿಸಿಗೆ ಇನ್ನೊಂದು ಕಾರಣವಿತ್ತು. ಕೈಯೆಲ್ಲ ಗ್ರೀಸು ಎಂದು ಎರಡು ಹೆಣ್ಣಿನ ಮನೆಯವರು ನನ್ನನ್ನು ಬೇಡವೆಂದಿದ್ದರು. ಮೂರನೆಯ ಹೆಣ್ಣು ಹಿರೇಕೊಡಿಗೆಯಲ್ಲಿ. "ಇದೂ ತಪ್ಪಿದ್ರೆ ನಾನು ಇನ್ನು ಹುಡುಕೂದಿಲ್ಲ" ಎಂದು ಅಮ್ಮ ಹೇಳಿಬಿಟ್ಟಿದ್ದರು. ಅಲ್ಲಿಗೆ ಹೋಗಲು ಪೇಟೆಯ ಸಾಹೇಬರೊಬ್ಬರು ತಮ್ಮ ಬಾಡಿಗೆ ಜೀಪು ಕೊಡುತ್ತೇನೆ ಎಂದಿದ್ದರು. ಹಾಗಾಗಿ ಆ ಜೀಪು ನೆಟ್ಟಗಿರುವುದು ಅವರಿಗಿಂತ ನನಗೆ ಮುಖ್ಯವಾಗಿತ್ತು.

೧. ನಿಧಾನ

ಸಾಹೇಬರ ಡ್ರೈವರ್ ಒಂದು ದಿನ ಎಡಚಕ್ರದ ಬೋಲ್ಟೊಂದನ್ನು ತುಂಡು ಮಾಡಿಕೊಂಡು ಬಂದ. ಸ್ಪ್ಯಾನರಿಗೆ ಮಾರುದ್ದದ ಪೈಪು ಸಿಕ್ಕಿಸಿ, ಅದರ ತುದಿಯ ಮೇಲೆ ಹಾರಿದ್ದನಂತೆ. ಅದೂ ಉಲ್ಟಾ ದಿಕ್ಕಿಗೆ. ಆ ಜೀಪಿನಲ್ಲಿ ಬಲಚಕ್ರದ ನಟ್ಟು ಎಲ್ಲ ನಟ್ಟುಗಳ ಹಾಗೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಚಕ್ರದ್ದು ಬಲಕ್ಕೆ.

"ನಿಧಾನ ಭಾರ ಹಾಕು ಅಂತ ಎಷ್ಟು ಸಲ ಹೇಳಿದೀನಿ ಮಾರಾಯ?" ಎಂದೆ.

"ನಿಧಾನಾನೇ ಹತ್ತಿದೆ ಅಣ್ಣ. ನಿಧಾನ ಹಾರೋದು ಹ್ಯಾಂಗೆ?"

೨. ಸಹಾಯ

ಪೈಪು ಕಿತ್ತುಕೊಂಡು, ನಾಲ್ಕು ತೋಳಿನ ಕ್ರಾಸ್ ಸ್ಪ್ಯಾನರ್ ಕೊಟ್ಟೆ. ಇಬ್ಬರು ಎದುರುಬದುರು ನಿಂತರೆ ನಟ್ಟು ತಾನಾಗಿ ಬಿಚ್ಚುತ್ತದೆ ಎಂದೆ. ಎರಡೇ ದಿನಕ್ಕೆ ಬೇಗಾರಿನಿಂದ ಸಾಹೇಬರ ಕರೆ ಬಂತು: ಪಂಕ್ಚರ್ ಆಗಿದೆ, ನಿಮ್ಮ ಸ್ಪ್ಯಾನರ್ ಸರಿ ಇಲ್ಲ, ತಕ್ಷಣ ಬನ್ನಿ. ಅಂಗಡಿ ಮುಚ್ಚಿ, ಬಸ್ಸು ಹತ್ತಿ ಹೋದೆ. ಒಂದು ತೋಳನ್ನು ಸಾಹೇಬರು, ಎದುರಿನ ತೋಳನ್ನು ಡ್ರೈವರ್, ಇಬ್ಬರೂ ಉಸಿರು ಕಟ್ಟಿ ಕೆಳಕ್ಕೇ ಒತ್ತುತ್ತಿದ್ದರು.

"ಒಬ್ರು ಒತ್ತಿದ್ರೆ ಇನ್ನೊಬ್ರು ಎತ್ಬೇಕು ಸಾಹೇಬ್ರೇ."

ಸಾಹೇಬರು ಬೆವರು ಒರೆಸಿಕೊಂಡರು. "ಅವನಿಗೆ ಸಹಾಯ ಮಾಡೋದು ಬಿಟ್ಟು ಅವನ ವಿರುದ್ಧ ಎತ್ತೋದಾ ಮಾರಾಯ?"

೩. ಬಾಣ

ಇವರಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು, ನಾಲ್ಕೂ ಚಕ್ರಗಳ ಮೇಲೆ ಬಿಚ್ಚುವ ದಿಕ್ಕಿಗೆ ಬಿಳಿ ಬಣ್ಣದ ಬಾಣ ಬರೆದುಕೊಟ್ಟೆ. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ.

ಹೆಣ್ಣು ನೋಡುವ ದಿನ ಬಂತು. ನಾನು, ಅಮ್ಮ, ಡ್ರೈವರ್. ಹೆಣ್ಣಿನ ಮನೆಯ ಅಂಗಳಕ್ಕೆ ಬರುತ್ತಲೇ ಮುಂದಿನ ಎಡಚಕ್ರ ಠುಸ್ ಎಂದಿತು. ಹೆಣ್ಣಿನ ಅಪ್ಪ ಜಗಲಿಯಲ್ಲಿ, ಹುಡುಗಿ ಬಾಗಿಲ ಸಂದಿಯಲ್ಲಿ. ಕಸುಬು ತೋರಿಸಲು ಇದಕ್ಕಿಂತ ಒಳ್ಳೆಯ ಸಮಯವುಂಟೇ?

ಡ್ರೈವರ್ "ಅಣ್ಣ, ಒಂದ್ನಿಮಿಷ..." ಎಂದ. "ನೀನು ಸುಮ್ನಿರು" ಎಂದು ಗದರಿಸಿ, ಇಸ್ತ್ರಿ ಮಾಡಿದ ಅಂಗಿಯಲ್ಲೇ ಕೂತು, ನನ್ನ ಬಾಣವನ್ನೇ ನಂಬಿ ಅದು ತೋರಿಸಿದ ಕಡೆಗೆ ತಿರುಗಿಸಿದೆ. ನಟ್ಟು ಅಲ್ಲಾಡಲಿಲ್ಲ. ಇನ್ನಷ್ಟು ಒತ್ತಿದೆ. ಇಲ್ಲ. ನಾನು ಕಿತ್ತುಕೊಂಡಿದ್ದ ಹಳೇ ಪೈಪನ್ನು ಡ್ರೈವರ್ ಮತ್ತೆ ತಂದು ಸೀಟಿನಡಿ ಬಚ್ಚಿಟ್ಟಿದ್ದ, ಅದು ಕಣ್ಣಿಗೆ ಬಿತ್ತು. ಮಾನ ಹೋಗುವ ಹೊತ್ತಿಗೆ ಯಾವ ಪಾಠವೂ ನೆನಪಾಗುವುದಿಲ್ಲ. ಪೈಪು ಸಿಕ್ಕಿಸಿ, ಹಾರಿದೆ.

ಟಣ್ ಎಂದು ಬೋಲ್ಟು ತುಂಡಾಯಿತು. ನಾನು ಅಂಗಳದಲ್ಲಿ ಅಂಗಾತ ಬಿದ್ದಿದ್ದೆ.

ಡ್ರೈವರ್ ಬಗ್ಗಿ ನೋಡಿ ಕೇಳಿದ: "ನಿಧಾನ ಹಾರಿದ್ರಾ ಅಣ್ಣ?"

ಟೈರು ಸವೆದಿದೆ ಎಂದು ಅವನು ಹಿಂದಿನ ದಿನವೇ ಬಲದ ಚಕ್ರವನ್ನು ಎಡಕ್ಕೆ ಹಾಕಿದ್ದನಂತೆ. ಚಕ್ರದ ಜೊತೆ ಅದರ ಉಲ್ಟಾ ಬಾಣವೂ ಬಂದಿತ್ತು.

"ಎಂತ ಆಯ್ತು ಮಾಣಿ?" ಎಂದು ಹೆಣ್ಣಿನ ಅಪ್ಪ ಇಳಿದು ಬಂದರು. ಡ್ರೈವರನ ಮೇಲೆ ಹಾಕಬಹುದಿತ್ತು. ನಾಚಿಕೆಯಿಂದ ಸಾಯುವಂತಾಗಿತ್ತು, ಆದರೂ ಹೇಳಿದೆ: "ತಪ್ಪು ನಂದೇ. ಬಾಣ ಬರೆದವನೂ ನಾನೇ, ಹಾರಿದವನೂ ನಾನೇ." ಬಾಗಿಲ ಸಂದಿಯಿಂದ ಕಿಸಕ್ಕನೆ ನಗು ಕೇಳಿಸಿತು. ಇದೂ ಹೋಯಿತು ಎಂದು ಅಮ್ಮ ಹಣೆ ಚಚ್ಚಿಕೊಂಡರು.

ವಾರದೊಳಗೆ ಒಪ್ಪಿಗೆ ಬಂತು. ಯಾಕೆ ಒಪ್ಪಿದೆ ಎಂದು ಮದುವೆಯಾದ ಮೇಲೆ ಎಷ್ಟು ಸಲ ಕೇಳಿದರೂ ಅವಳು ಹೇಳಲಿಲ್ಲ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿಯಾದಾಗ ಮಾತ್ರ ತಂದು ನನ್ನ ಕೈಗೇ ಕೊಡುತ್ತಾಳೆ. ಕೊಡುವಾಗ ಒಂದೇ ಮಾತು: "ಹಾರಬೇಡಿ."