ಬಣ್ಣ ಹಚ್ಚದ ಒಂದು ಮೊಳ

ಒಂದು ಮೊಳ ಗೋಡೆಗೆ ಬಣ್ಣ ಹಚ್ಚದೆ ಬಿಡುವುದಕ್ಕೆ ನನಗೆ ಬಿದ್ದ ಖರ್ಚು ಹನ್ನೆರಡು ಡಾಲರ್ ಮತ್ತು ಒಂದು ಇಡೀ ಭಾನುವಾರ. ಹಚ್ಚುವುದಕ್ಕಲ್ಲ ಸ್ವಾಮಿ, ಹಚ್ಚದೆ ಬಿಡುವುದಕ್ಕೆ! ಅಮೆರಿಕದಲ್ಲಿ ಇಷ್ಟು ವರ್ಷ ಪೇಂಟಿಂಗ್ ಕಂಟ್ರಾಕ್ಟ್ ಮಾಡಿದ ನನ್ನನ್ನು ಚೌಕಾಸಿಯಲ್ಲಿ ಮಣಿಸಿದ ಏಕೈಕ ವ್ಯಕ್ತಿ ಒಬ್ಬ ಯೆಹೂದಿ ಮುದುಕರು.

ಅವರ ವಾಸ ಜೆರುಸಲೇಮಿನಲ್ಲಿ. ನಮ್ಮ ಪಕ್ಕದೂರು ನಾರ್ತ್‌ವಿಲ್‌ನಲ್ಲಿ ಮಗಳು ಹೊಸ ಮನೆ ಕೊಂಡಳೆಂದು ಬಂದು, ಬಣ್ಣದ ಉಸ್ತುವಾರಿ ತಾವೇ ವಹಿಸಿಕೊಂಡಿದ್ದರು. ನಾನು 'ಅಂಕಲ್' ಎಂದಾಗ ಮೇಲಿಂದ ಕೆಳಗೆ ನೋಡಿ, "ನಿಮ್ಮಪ್ಪ ನನ್ನ ತಮ್ಮನಾ?" ಎಂದರು. ಮಾತೆಲ್ಲ ಇಂಗ್ಲಿಷಿನಲ್ಲೇ. ನನ್ನ ಕಿವಿಗೆ ಮಾತ್ರ ಮೈಸೂರು ಕನ್ನಡವಾಗಿ ಕೇಳುತ್ತಿತ್ತು, ಏನು ಮಾಡಲಿ?

ರೇಟ್ ಹೇಳಿದ ಕೂಡಲೇ ಬಾಗಿಲ ಎದುರಿನ ಗೋಡೆಗೆ ಮೊಣಕೈ ಊರಿ, ಬೆರಳು ಚಾಚಿದರು.

"ಇಲ್ಲಿ ಒಂದು ಮೊಳ ಉದ್ದ, ಒಂದು ಮೊಳ ಅಗಲ ಬಣ್ಣ ಬೇಡ. ಅಷ್ಟು ದುಡ್ಡು ಇಳಿಸು."

ನಮ್ಮಮ್ಮ ಮಾರ್ಕೆಟ್ಟಿನಲ್ಲಿ ಹೂವು ಮಾರಿದವಳು. ಮೊಳದ ಜಗಳ ನನಗೆ ಹೊಸದೇ? "ನಿಮ್ಮ ಕೈ ಉದ್ದ ಅಂಕಲ್. ನನ್ನ ಮೊಳದಲ್ಲಿ ಅಳೀರಿ!"

"ಗೋಡೆ ನನ್ನ ಮಗಳದು, ಮೊಳ ನಂದು."

ಅರ್ಧ ಗಂಟೆ ಗುದ್ದಾಡಿ ಹನ್ನೆರಡು ಡಾಲರ್ ಇಳಿಸಿದೆ.

ಇನ್ನೊಂದು ವಿಚಿತ್ರ ಕೇಳಿ. ಪಾಲಿಶ್ ಮಾಡಿದ ಒಂದು ಜೊತೆ ಬೂಟು ಬಾಗಿಲ ಬಳಿ ಸದಾ ಸಿದ್ಧ. ಬೆಲ್ ಹೊಡೆದರೆ ಸಾಕು, ಬೂಟಿಗೆ ಕಾಲು ತೂರಿಸಿ, ಟೋಪಿ ಸರಿಮಾಡಿಕೊಂಡು ಓಡುತ್ತಿದ್ದರು. ತಮ್ಮ ಜನರನ್ನು ಉದ್ಧರಿಸಲು ಮೆಸ್ಸೀಯ ಎನ್ನುವವನು ಬರಬೇಕಂತೆ, ಯಾವ ಗಳಿಗೆಯಲ್ಲಾದರೂ ಬರಬಹುದಂತೆ!

"ಪಾರ್ಸೆಲ್ ಅಂಕಲ್."

"ಸರಿ. ನಾಳೆ," ಎಂದು ಬೂಟು ಬಿಚ್ಚುತ್ತಿದ್ದರು.

ಶುಕ್ರವಾರ ಕೆಲಸ ಮುಗಿಯಿತು. ಮನೆಯೆಲ್ಲ ಮುತ್ತಿನಂತೆ ಹೊಳೆಯುತ್ತಿದೆ, ಬಾಗಿಲು ತೆರೆದರೆ ಎದುರಿಗೇ ಆ ಬೋಳು ಚೌಕ! ನೋಡಿದವರು ಏನೆನ್ನುತ್ತಾರೆ? ಪೇಂಟರ್ ಅರ್ಧಕ್ಕೇ ಓಡಿಹೋದ ಅನ್ನುವುದಿಲ್ಲವೇ? ಅವರು ಪ್ರಾರ್ಥನೆಗೆ ಹೋಗಿದ್ದಾಗ ಧಾರಾಳವಾಗಿ ಎರಡು ಕೋಟ್ ಬಳಿದುಬಿಟ್ಟೆ.

ಬಂದವರು ಗೋಡೆ ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಕದ್ದುಬಿಟ್ಯಲ್ಲಪ್ಪಾ."

"ಕದ್ದಿಲ್ಲ ಅಂಕಲ್, ಫ್ರೀಯಾಗಿ ಕೊಟ್ಟಿದೀನಿ!"

ಆಗ ಹೇಳಿದರು. ಜೆರುಸಲೇಮಿನ ಅವರ ದೇವಾಲಯ ನಾಶವಾಗಿ ಎರಡು ಸಾವಿರ ವರ್ಷವಾಗುತ್ತ ಬಂತು. ಅದು ಮತ್ತೆ ಏಳುವವರೆಗೆ ತಮ್ಮ ಮನೆಯೂ ಪೂರ್ತಿಯಾಗಬಾರದೆಂದು ಒಂದು ಮೊಳ ಹಾಗೇ ಬಿಡುವುದು ಪದ್ಧತಿ.

"ನೀವು ಜೆರುಸಲೇಮಲ್ಲೇ ಇದೀರಲ್ಲ! ಸ್ವಂತ ನಾಡಿದೆ. ಇನ್ನೇನು ಕಾಯೋದು?"

"ಅಲ್ಲಿನ ಮನೇಲೂ ಒಂದು ಮೊಳ ಬಿಟ್ಟಿದೀನಿ. ದೂರದಲ್ಲಿದ್ದಾಗ ಊರು ಸೇರಿದರೆ ಸಾಕು ಅನ್ಸತ್ತೆ. ಊರು ಸೇರಿದ ಮೇಲೇ ಗೊತ್ತಾಗೋದು, ಬರಬೇಕಾದವನು ಇನ್ನೂ ಬಂದಿಲ್ಲ ಅಂತ." ಗೋಡೆಯತ್ತ ಕೈ ತೋರಿಸಿ, "ಸೋಮವಾರ ನನ್ನ ಫ್ಲೈಟು. ಮೊಮ್ಮಗಳು ದಿನಾ ಒಳಗೆ ಬಂದು, ಇಲ್ಲಿ ಏನು ಬಾಕಿ ಇದೆ ಅಂತ ಕೇಳಬೇಕಿತ್ತು. ಪೂರ್ತಿ ಗೋಡೇನ ಯಾರು ಕೇಳ್ತಾರೆ?" ಎಂದರು.

ಭಾನುವಾರ ನಮ್ಮೂರು ನೋವೈಯಿಂದ ಕೆರೆಯುವ ಸಾಮಾನು ಹೊತ್ತು ಹೊರಟೆ. "ಬಣ್ಣ ಕೀಳೋಕೂ ಕಂಟ್ರಾಕ್ಟಾ ರೀ?" ಎಂದು ಹೆಂಡತಿ ನಕ್ಕಳು. ಕೆರೆದು ಕೆರೆದು ಗೋಡೆಯ ಮೇಲ್ಪದರವೇ ಕಿತ್ತುಬಂತು. ನನಗೆ ಅಳು ಬರುವುದೊಂದು ಬಾಕಿ. ಮುದುಕರು ಮಾತ್ರ ಬಿದ್ದು ಬಿದ್ದು ನಕ್ಕರು. "ಪಾಳುಬಿದ್ದದ್ದರ ನೆನಪಿಗೆ ಇದೇ ಸರಿ!"

ಅಂಚು ಗುರುತಿಸಲು ಅವರ ಕೈ ಹಿಡಿದೆ. ಬಿಡಿಸಿಕೊಂಡು ನನ್ನ ಮೊಣಕೈಯನ್ನೇ ಗೋಡೆಗೆ ಒತ್ತಿದರು.

"ನಿನ್ನ ಮೊಳವೇ ಇರಲಿ."

"ನಂದು ಚಿಕ್ಕದು ಅಂಕಲ್!"

"ಇರಲಿ ಬಿಡು. ಮೊಮ್ಮಗಳು ಕಾಯೋದಾದರೂ ಚಿಕ್ಕದಾಗಲಿ."

ಹೂವಿನಂಗಡಿಯಲ್ಲಿ ಹುಟ್ಟಿದವನು ನಾನು. ಗಿರಾಕಿಯೇ ಚಿಕ್ಕ ಮೊಳ ಕೇಳಿದ್ದನ್ನು ಅಂದೇ ಕಂಡದ್ದು. ಹನ್ನೆರಡು ಡಾಲರ್ ವಾಪಸ್ ಕೇಳಲು ಬಾಯಿ ಬರಲಿಲ್ಲ.

ಆದ್ದರಿಂದ ನನ್ನ ಸಲಹೆ: ಮನೆಗೆ ಬಣ್ಣ ಹಚ್ಚಿಸುವವರು ಮೂರು ಕಡೆ ರೇಟ್ ಕೇಳಿ, ಯಾವ ಗೋಡೆ ಬೇಕು, ಯಾವುದು ಬೇಡ, ಬರೆದುಕೊಡಿ. ಹಚ್ಚುವವರು ಬೇಡವೆಂದ ಜಾಗ ಮುಟ್ಟಬೇಡಿ. ಮತ್ತೆ, ಬೆಲ್ ಹೊಡೆದಾಗ ಪಾರ್ಸೆಲ್ಲೇ ಎಂದು ಕೂತಲ್ಲೇ ತೀರ್ಮಾನಿಸಬೇಡಿ. ಒಳ್ಳೆಯ ಬೂಟು ಹಾಕಿಕೊಂಡು ಹೋಗಿ ಬಾಗಿಲು ತೆಗೆಯಿರಿ. ನಾನಂತೂ ಹಾಗೇ ಮಾಡುತ್ತಿದ್ದೇನೆ. ನಿನ್ನೆ ಪಾರ್ಸೆಲ್ಲೇ ಬಂತು. ಸರಿ, ನಾಳೆ.