ಐದು ಪರ್ಸೆಂಟ್ ವಾತ

ತೆರಿಗೆಯ ಹೊಸ ನಿಯಮ ಬಂತೆಂದರೆ ಗಲ್ಫಿನ ಈ ಅಲ್ ಕೂಜಿನ ಅಂಗಡಿಯವರೆಲ್ಲ ತಲೆಗೆ ಕೈಹೊತ್ತು ಕೂರುತ್ತಾರೆ. ನನಗೆ ಮಾತ್ರ ನಗು ಬರುತ್ತದೆ. ಮೊನ್ನೆ ಕಾರ್ಪೊರೇಟ್ ಟ್ಯಾಕ್ಸ್ ಬಂದಾಗಲೂ ಬಂತು. ಪಕ್ಕದ ಟೈರ್ ಅಂಗಡಿಯವನು "ನಿಮಗೆ ತಲೆ ಸರಿ ಉಂಟಾ?" ಎಂದ. ಎಂತ ಮಾಡುವುದು ಮಾರಾಯ್ರೆ, ವ್ಯಾಟ್ ಬಂದ ಸಮಯದಲ್ಲಿ ನಮ್ಮ ಮನೆಯಲ್ಲಿ ಆದದ್ದೆಲ್ಲ ಒಟ್ಟಿಗೆ ನೆನಪಾಗುತ್ತದೆ.

ಆಗಷ್ಟೇ ನಮಗೆ ಮಗಳು ಹುಟ್ಟಿದ್ದಳು. ದಷ್ಟಪುಷ್ಟ ಮಗು. ಹೆರಿಗೆಯಲ್ಲಿ ತಲೆ ಬಂತು, ಭುಜ ಸಿಕ್ಕಿಕೊಂಡಿತು. ಕುತ್ತಿಗೆಯ ಹತ್ತಿರದ ನರ ಎಳೆದು ಬಲಗೈ ಸೋತುಹೋಯಿತು. ಡಾಕ್ಟರು ಹೇಳಿದ್ದು ಇಷ್ಟೇ: ವ್ಯಾಯಾಮ ಮಾಡಿಸಿ, ಕಾಯಿರಿ, ಹೆಚ್ಚಿನ ಮಕ್ಕಳಿಗೆ ಸರಿಯಾಗುತ್ತದೆ, ಕೆಲವು ತಿಂಗಳಲ್ಲಿ ಕೈ ತಾನಾಗಿ ಏಳದಿದ್ದರೆ ಆಪರೇಷನ್ ಬೇಕಾದೀತು. ನಾನು ಕಂಪೆನಿಗಳಿಗೆ ಯೂನಿಫಾರ್ಮ್ ಹೊಲಿದು ಕೊಡುವ ಟೈಲರ್. ಆ ದಿನಗಳಲ್ಲಿ ಎಷ್ಟು ಅಂಗಿಗೆ ಎರಡೂ ಎಡತೋಳು ಹೊಲಿದೆನೋ ದೇವರಿಗೇ ಗೊತ್ತು. ಅಷ್ಟು ಹೆದರಿದ್ದೆ.

ಎಣ್ಣೆ

ಬಾಣಂತನಕ್ಕೆ ಪುತ್ತೂರಿನಿಂದ ಅತ್ತೆ ಬಂದಿದ್ದರು. ಡಾಕ್ಟರು ನೂರು ಸಲ ನರ ಎಂದರೂ ಅವರ ಪ್ರಕಾರ ಮಗುವಿನ ಕೈಗೆ ಬಂದದ್ದು ವಾತ.

ಒಂದು ದಿನ ನಾನು ಅಂಗಡಿಯ ಲೆಕ್ಕ ನೋಡುವ ಮಲಯಾಳಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅವನು ವ್ಯಾಟಿಗೆ "ವಾಟ್" ಎನ್ನುವವನು, ಅವನ ಜೊತೆ ನಾನೂ ಹಾಗೇ. "ವಾಟ್ ಬರುವುದು ಖಂಡಿತ ಅಲ್ವಾ? ಯಾರಿಗೂ ತಪ್ಪುವುದಿಲ್ಲ ಅಲ್ವಾ?" ಎಂದು ಫೋನ್ ಇಟ್ಟರೆ, ಎದುರಿಗೆ ಅತ್ತೆ, ಕೈಯಲ್ಲಿ ಎಣ್ಣೆ ಬಾಟಲಿ.

"ಮಗುವಿಗೆ ಬಂದದ್ದು ಸಾಲದು ಅಂತ ನಿಮಗೂ ಬಂತಾ? ಎಷ್ಟು ಉಂಟು?"

"ಐದು ಪರ್ಸೆಂಟ್ ಅತ್ತೆ" ಎಂದೆ.

"ಅಷ್ಟೇಯಾ? ಅಂಗಿ ತೆಗೀರಿ. ಐದು ಪರ್ಸೆಂಟ್ ಎಣ್ಣೆಯಲ್ಲೇ ಹೋಗ್ತದೆ."

ಟಿಪ್

ಅಂಥ ಮಕ್ಕಳ ಕೈ ಕೆಳಗೆ ಇಳಿದು, ಅಂಗೈ ಹಿಂದಕ್ಕೆ ತಿರುಗಿರುತ್ತದೆ. ವೇಟರ್ ಮುಖ ಆಚೆ ಮಾಡಿ ಹಿಂದಿನಿಂದ ಟಿಪ್ ತೆಗೆದುಕೊಳ್ಳುವ ಭಂಗಿ, ಡಾಕ್ಟರುಗಳ ಭಾಷೆಯಲ್ಲೂ ಅದಕ್ಕೆ ಅದೇ ಹೆಸರು. ಇದನ್ನು ನಮ್ಮ ಬಿಲ್ಡಿಂಗಿನ ಕೆಳಗೆ ಕೆಫೆಟೇರಿಯಾ ನಡೆಸುವ ಬ್ಯಾರಿ ಕಾಕನಿಗೆ ಹೇಳಿದೆ. ಮುದುಕನ ಕಣ್ಣು ತುಂಬಿತು. ಒಂದು ದಿರಹಮ್ ನಾಣ್ಯ ತೆಗೆದು, ಹೆಂಡತಿಯ ಕಂಕುಳಲ್ಲಿದ್ದ ಮಗುವಿನ ಅಂಗೈಯಲ್ಲಿಟ್ಟ.

ಕೈ ಮೇಲೇಳದಿದ್ದರೂ ಬೆರಳುಗಳಿಗೆ ಏನೂ ಆಗಿರಲಿಲ್ಲ. ಮುಷ್ಟಿ ಗಪ್ಪೆಂದು ಮುಚ್ಚಿತು. ಬಾಯಿಗೆ ಹಾಕಿಕೊಂಡಾಳೆಂದು ಹೆಂಡತಿ ಬಿಡಿಸಲು ಹೋದರೆ ಬಿಡಲೊಲ್ಲಳು.

ಕಾಕ ಕಣ್ಣೊರೆಸಿಕೊಂಡ. "ಟ್ಯಾಕ್ಸಿನವರು ಬಂದರೆ ಇವಳನ್ನೇ ಗಲ್ಲಾಪೆಟ್ಟಿಗೆ ಹತ್ತಿರ ಕೂರಿಸು ಮಾರಾಯ."

ಅಂಗಿ

ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಇದು ಥೆರಪಿ ಮಾಡಿಸುವ ಫಿಲಿಪಿನೋ ಅಕ್ಕನ ಕಟ್ಟಪ್ಪಣೆ. ನಾನು ಕೂತು, ಮೆತ್ತನೆಯ ನೀಲಿ ಕಾಟನ್ನಿನಲ್ಲಿ ಭುಜದಿಂದ ತೋಳಿನ ತುದಿಯವರೆಗೆ ಟಿಚ್ ಬಟನ್ ಇಟ್ಟು ಪುಟ್ಟ ಅಂಗಿ ಹೊಲಿದೆ. ಅಷ್ಟು ಪ್ರೀತಿಯಿಂದ ಜನ್ಮದಲ್ಲಿ ಏನನ್ನೂ ಹೊಲಿದಿರಲಿಲ್ಲ. ಆದರೆ ಕೈಗೆ ಅಭ್ಯಾಸ ನೋಡಿ, ಎದೆಯ ಮೇಲೆ ಪೆನ್ನಿನ ಕಿಸೆಯನ್ನೂ ಇಟ್ಟುಬಿಟ್ಟಿದ್ದೆ.

ಥೆರಪಿಗೆ ಹೋದಾಗ ಆ ಅಕ್ಕ ಮಗುವನ್ನು ನೋಡಿ ಪಟ್ಟನೆ ಎದ್ದು ನಿಂತಳು. "ಯಲ್ಲಾ, ಬೇಗ ಬೇಗ, ಎಲ್ಲರೂ ಕೆಲಸ ಮಾಡಿ. ಸೂಪರ್‌ವೈಸರ್ ಬಂದಿದ್ದಾರೆ."

ಕೈ ಎತ್ತಿ

ಊದ್ ಮೇಥಾ ಬಡಾವಣೆಯ ಒಂದು ಹಾಲ್‌ನಲ್ಲಿ ನಮ್ಮೂರಿನವರೆಲ್ಲ ಸೇರಿ ವ್ಯಾಟ್ ಬಗ್ಗೆ ಸಭೆ ಇಟ್ಟಿದ್ದರು. ಥೆರಪಿ ಮುಗಿಸಿ ಮಗುವಿನೊಂದಿಗೆ ನೇರ ಅಲ್ಲಿಗೇ ಹೋದೆವು. ಡಾಕ್ಟರು ಹೇಳಿದ ಗಡುವು ಹತ್ತಿರವಾಗಿತ್ತು. ಹೆಂಡತಿ ದಾರಿಯುದ್ದಕ್ಕೂ ಆ ಕೈಯನ್ನೇ ನೀವುತ್ತಿದ್ದಳು.

ಕೋಟು ಹಾಕಿದ ಆಡಿಟರ್ ಮೈಕ್ ಹಿಡಿದು, "ವಹಿವಾಟು ವ್ಯಾಟಿನ ಮಿತಿ ದಾಟಿದವರು ಕೈ ಎತ್ತಿ" ಎಂದ. ಹಾಲ್ ತುಂಬ ಅಂಗಡಿಯವರು. ಎಲ್ಲರಿಗೂ ಒಮ್ಮೆಲೇ ನೆಲದ ಕಾರ್ಪೆಟ್ಟಿನಲ್ಲಿ ಆಸಕ್ತಿ ಹುಟ್ಟಿತು.

"ನಾನು ಸರ್ಕಾರದವನಲ್ಲ, ಹೆದರಬೇಡಿ" ಎಂದ. ಊಹೂಂ.

ಆಗ ನನ್ನ ತೊಡೆಯ ಮೇಲಿದ್ದ ಮಗಳು ನನ್ನ ಕನ್ನಡಕ ನೋಡಿದಳು. ಅದಕ್ಕೆಂದು ಕೈ ಚಾಚಿದಳು. ಬಲಗೈ. ನಡುಗುತ್ತಾ, ನಿಧಾನವಾಗಿ, ನನ್ನ ಗಲ್ಲ ದಾಟಿ ಮೇಲೆ ಬಂತು.

"ಆ, ಅಲ್ಲೊಬ್ಬರು!" ಎಂದ ಆಡಿಟರ್. ಎಲ್ಲರೂ ತಿರುಗಿದರು. ಹೆಂಡತಿ ಎದ್ದು ನಿಂತು ಬಿಕ್ಕಿ ಬಿಕ್ಕಿ ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ.

ಪಾಪ, ಆಡಿಟರ್ ಗಾಬರಿಯಿಂದ ವೇದಿಕೆ ಇಳಿದು ಬಂದ. "ಅಕ್ಕ, ಅಳಬೇಡಿ. ಇದು ನಿಮ್ಮ ಕೈಯಿಂದ ಹೋಗುವುದಲ್ಲ, ಗಿರಾಕಿಯಿಂದ ತಗೊಂಡು ಕಟ್ಟುವುದು."

ಹೆಂಡತಿ ಸೆರಗಿನಿಂದ ಕಣ್ಣೊರೆಸುತ್ತಾ, "ಎಷ್ಟಾದರೂ ಕಟ್ಟುತ್ತೇವೆ ಸಾರ್, ಎಷ್ಟಾದರೂ ಕಟ್ಟುತ್ತೇವೆ" ಎಂದಳು.

ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವನನ್ನು ಕೇಳಿದರು: "ಟೈಲರಿಂಗಿನಲ್ಲಿ ಅಷ್ಟು ಉಂಟಾ ಮಾರಾಯ?"